ಬಂಡೆಯಜ್ಜನಿಗೆ ಇಷ್ಟು ಅವಸರ ಬೇಡ

ನಮಸ್ಕಾರ,

ಮಕ್ಕಳ ಪುಟಕ್ಕೆ ನೀವು ಕಳಿಸಿದ 'ಬಂಡೆಯಜ್ಜ' ಕಥೆಯನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ನೀವು ಇದನ್ನು ಕೈಬಿಡಬಾರದು, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಕೋಲಾರದ ಕಡೆಯ ಹಳ್ಳಿ. ಊರಾಚೆ ಮಾತಾಡುವ ಬಂಡೆ. ಒಂದು ರಾತ್ರಿ ಸಿಡಿಲು ಬಡಿದು ಬಂಡೆಯಜ್ಜ ಪುಡಿಯಾಗುತ್ತಾನೆ, ಬೆಳಗ್ಗೆ ಪುಟ್ಟಿ ಆ ಮಣ್ಣಲ್ಲಿ ರಾಗಿ ಬಿತ್ತುತ್ತಾಳೆ. ಬಂಡೆ ಮಾತಾಡಲಿ, ನನ್ನ ತಕರಾರಿಲ್ಲ. ಆರು ವರ್ಷದ ಮಗು ಅದನ್ನು ಕಥೆ ಅಂತಲೇ ತಗೊಳ್ಳುತ್ತದೆ. ಆದರೆ ಕಲ್ಲಿನ ಪುಡಿಯೇ ಮಣ್ಣು, ಅದೂ ರಾತ್ರೋರಾತ್ರಿ ಆಗುತ್ತದೆ ಅನ್ನುವುದನ್ನು ನಿಜ ಅಂತ ನಂಬಿಬಿಡುತ್ತದೆ. ಜಲ್ಲಿ ಕ್ರಷರ್ ಪುಡಿಯಲ್ಲಿ ರಾಗಿ ಬೆಳೆದವರನ್ನು ನೋಡಿದ್ದೀರಾ? ಅದರಲ್ಲಿ ಕೊಳೆತ ಎಲೆಯಿಲ್ಲ, ಎರೆಹುಳ ಇಲ್ಲ, ಕಣ್ಣಿಗೆ ಕಾಣದ ಜೀವಿಗಳ ಸಂತೆಯೂ ಇಲ್ಲ.

ಸಿಡಿಲು ತೆಗೆದು ನಿಧಾನವಾಗಿ ಕೆಲಸ ಮಾಡುವವರನ್ನು ತನ್ನಿ. ಬಿಸಿಲಿಗೆ ಕಾದು, ರಾತ್ರಿ ತಣ್ಣಗಾಗಿ ಬಂಡೆ ಚಕ್ಕೆ ಏಳುವುದು. ಬಿರುಕಿಗೆ ನೀರು ಇಳಿಯುವುದು, ಹಿಂದೆಯೇ ಅರಳಿ ಬೇರು ನುಗ್ಗುವುದು. ಮತ್ತೆ ಕಲ್ಲುಹೂವು. ಮಸಾಲೆಗೆ ಹಾಕುತ್ತೇವಲ್ಲ, ಅದರ ನೆಂಟರೇ ಬಂಡೆ ಮೇಲೆ ಬೂದು ಮಚ್ಚೆಗಳಾಗಿ ಅಂಟಿರುತ್ತಾರೆ. ಅವು ಬಿಡುವ ಹುಳಿಗೆ ಕಲ್ಲು ಮೆಲ್ಲಗೆ ಸಡಿಲಾಗುತ್ತದೆ. ಅಜ್ಜಿಯ ಮಸಾಲೆ ಡಬ್ಬಿಯಿಂದ ಒಂದು ಚೂರು ತೆಗೆದು ಪುಟ್ಟಿಯ ಅಂಗೈ ಮೇಲಿಡಿ. ಒಂದು ಕಡೆ ಕಪ್ಪು, ಇನ್ನೊಂದು ಕಡೆ ಬೂದು, ಕಾಗದದಷ್ಟು ಹಗುರ. ಇಷ್ಟು ಮೆತ್ತಗಿರುವುದು ಬಂಡೆಯನ್ನು ತಿನ್ನುತ್ತದಾ ಅಂತ ಅವಳೇ ಕೇಳಲಿ.

ಒಂದು ಬೆರಳು ದಪ್ಪ ಮಣ್ಣಾಗಲು ನೂರಾರು ವರ್ಷ ಬೇಕು. ಮಗುವಿಗೆ 'ನೂರಾರು' ಅಂದರೆ ಏನೂ ಹತ್ತುವುದಿಲ್ಲ. ಅಜ್ಜಿ, ಅಜ್ಜಿಯ ಅಜ್ಜಿ, ಅವಳ ಅಜ್ಜಿ ಅಂತ ಬೆರಳು ಮಡಚಿಸಿ.

ಮಣ್ಣಿಗೆ 'ಕಂದು ಬಣ್ಣ' ಅಂತ ಬರೆದಿದ್ದೀರಿ. ಕೋಲಾರದ ಕಡೆ ಹೆಚ್ಚಾಗಿ ಕೆಮ್ಮಣ್ಣು ಅಲ್ವಾ? ಅದರೊಳಗಿನ ಕಬ್ಬಿಣ ತುಕ್ಕು ಹಿಡಿದೇ ಆ ಕೆಂಪು ಬಂದಿರುವುದು. ಹಳೇ ಬಕೆಟ್ಟಿನ ಹಿಡಿಯಲ್ಲಿ ತುಕ್ಕನ್ನು ಮಗು ನೋಡಿಯೇ ಇರುತ್ತದೆ.

ಕೊನೆಯ ಪುಟದ 'ಶಿಲೆಗಳ ಶಿಥಿಲೀಕರಣ' ಪಾಠವನ್ನು ಪೂರ್ತಿ ತೆಗೆಯಿರಿ. ಆ ಜಾಗದಲ್ಲಿ ಒಂದು ಗಾಜಿನ ಬಾಟಲಿ ಕೊಡಿ. ಮರದಡಿಯ ಮಣ್ಣು ಅರ್ಧ, ಮೇಲೆ ನೀರು, ಮುಚ್ಚಳ ಬಿಗಿದು ಜೋರಾಗಿ ಕುಲುಕಿ ಇಡುವುದು. ಮರಳು ಒಂದೆರಡು ನಿಮಿಷದಲ್ಲಿ ತಳ ಸೇರುತ್ತದೆ. ಎಲೆಚೂರು ತೇಲುತ್ತದೆ. ಜೇಡಿಯ ನುಣುಪು ಕಣಗಳು ಮಾತ್ರ ಇಳಿಯಲು ಒಪ್ಪುವುದಿಲ್ಲ, ಮರುದಿನ ಬೆಳಗ್ಗೆಯೂ ನೀರು ಕದಡಿಕೊಂಡೇ ಇರಬಹುದು. ಬಂಡೆಯ ಪಾಲು, ಮರದ ಪಾಲು ಎರಡೂ ಒಂದೇ ಬಾಟಲಿಯಲ್ಲಿ ಕಾಣುತ್ತವೆ.

ಮಳೆ ನಿಂತ ಮೇಲೆ ಪುಟ್ಟಿ ಉಗುರಿನ ಸಂದಿಯ ಮಣ್ಣನ್ನು ಮೂಸುತ್ತಾಳಲ್ಲ, ಆ ಸಾಲು ನನಗೆ ತುಂಬಾ ಹಿಡಿಸಿತು. ಅಲ್ಲಿಂದಲೇ ಕಥೆ ಶುರು ಮಾಡಿ. ಬರೆಯುವ ಮೊದಲು ಬಾಟಲಿಯನ್ನು ನೀವೂ ಒಮ್ಮೆ ಕುಲುಕಿ ನೋಡಿ. ನಿಮ್ಮೂರ ಮಣ್ಣಲ್ಲಿ ಮರಳು ಎಷ್ಟು ಬೆರಳು ನಿಂತಿತು ಅಂತ ಕಥೆಯ ಜೊತೆಗೆ ತಿಳಿಸಿ.

ಸಂಪಾದಕ