ಕಣ್ಣಿನ ಕೆಳಗೆ ರೆಟಿನಾಲ್: ಮೊದಲು ಮೂಳೆ ಎಲ್ಲಿದೆ ಅಂತ ಮುಟ್ಟಿ ನೋಡಿ

ಪಾವಗಡದಿಂದ ಕೇಳಿದ್ದೀರಿ. ವಯಸ್ಸು 36, ದಿನಾ ಸ್ಕೂಟರ್‌ನಲ್ಲಿ ಹಳ್ಳಿ ಶಾಲೆಗೆ ಹೋಗಿ ಬರುತ್ತೀರಿ. ಕಣ್ಣಿನ ಪಕ್ಕ ಗೆರೆ ಬಿದ್ದಿದೆ, ಕೆಳಗೆ ಕಪ್ಪಾಗಿದೆ. ಗೆರೆ ಕಡಿಮೆ ಮಾಡುತ್ತೆ ಅನ್ನುವ 1% ರೆಟಿನಾಲ್ ಸೀರಮ್ ತರಿಸಿದ್ದೀರಿ. ಬಾಟಲಿ ಮೇಲೆ ಕಣ್ಣಿನ ಹತ್ತಿರ ಬೇಡ ಅಂತ ಬರೆದಿದೆ, ವಿಡಿಯೋದವರು ಕಣ್ಣಿನ ಕೆಳಗೇ ಹಚ್ಚುತ್ತಾರೆ. ಯಾರನ್ನು ನಂಬಲಿ, ಮುಂದಿನ ತಿಂಗಳು ತಮ್ಮನ ಮದುವೆ, ಅಷ್ಟರಲ್ಲಿ ಸರಿಹೋಗುತ್ತಾ ಅಂತ ನಿಮ್ಮ ಪ್ರಶ್ನೆ.

ಬಾಟಲಿಯನ್ನೇ ನಂಬಿ. ಆ ಸೀರಮ್ ಕಣ್ಣಿನ ಹತ್ತಿರ ಬೇಡ. ಮದುವೆಗೆ ಮುಂಚೆ ಯಾವ ರೆಟಿನಾಲೂ ಬೇಡ. ಮದುವೆ ಆದಮೇಲೆ ಕಡಿಮೆ ಶಕ್ತಿಯದ್ದನ್ನು ತಗೊಂಡು, ನಿಧಾನವಾಗಿ, ಮೂಳೆಯ ಮೇಲೆ ಮಾತ್ರ ಹಚ್ಚಬಹುದು.

ನಾನು ತುಮಕೂರಿನಲ್ಲಿ, ಎಸ್.ಎಸ್. ಪುರಂ ಕಡೆ, ಒಂದು ಚಿಕ್ಕ ಪಾರ್ಲರ್ ನಡೆಸುತ್ತೇನೆ. 14 ವರ್ಷ ಆಯಿತು. ನಾನು ಡಾಕ್ಟರ್ ಅಲ್ಲ. ಆದರೆ ದಿನಕ್ಕೆ ಹತ್ತು ಹನ್ನೆರಡು ಮುಖಗಳನ್ನು ಒಂದು ಗೇಣು ದೂರದಿಂದ ನೋಡುತ್ತೇನೆ. ಯಾರ ಚರ್ಮ ಏನು ಹಚ್ಚಿಕೊಂಡು ಬಂದಿದೆ ಅನ್ನೋದು ದಾರ ಇಟ್ಟ ತಕ್ಷಣ ಗೊತ್ತಾಗುತ್ತದೆ.

ಒಂದು ಸಲ ಮಾತ್ರ ಗೊತ್ತಾಗುವಷ್ಟರಲ್ಲಿ ತಡವಾಗಿತ್ತು. ಯುಗಾದಿ ಹಿಂದಿನ ವಾರ, ಪಾರ್ಲರ್ ತುಂಬಾ ಜನ. ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋಗಿ ಬರುವ ಒಬ್ಬರು ಐಬ್ರೋ ಮಾಡಿಸಲು ಕೂತರು. ಹಳೇ ಪರಿಚಯ. ನಾನು ಪೌಡರ್ ಹಾಕಿ, ದಾರ ಹಲ್ಲಿಗೆ ಕಚ್ಚಿ ಶುರು ಮಾಡಿದೆ. ಮೂರನೇ ಎಳೆತಕ್ಕೆ, ಎಡಗಡೆ ಹುಬ್ಬಿನ ಕೆಳಗೆ, ಕೂದಲಿನ ಜೊತೆ ಚರ್ಮವೂ ಎದ್ದು ಬಂತು. ಹೆಸರುಕಾಳಿನಷ್ಟು ಅಗಲ. ಒದ್ದೆ ಒದ್ದೆ ಗುಲಾಬಿ ಬಣ್ಣ. ಅವರು ಕೂಗಲಿಲ್ಲ, ಕಣ್ಣಿಂದ ನೀರು ಮಾತ್ರ ಇಳಿಯಿತು. ಏನು ಹಚ್ತಿದ್ದೀರಾ ಅಂತ ಆಗ ಕೇಳಿದೆ. ಮೂರು ವಾರದಿಂದ ರಾತ್ರಿ ರೆಟಿನಾಲ್, ರೆಪ್ಪೆ ಮೇಲಿನವರೆಗೂ. ನಾನು ದಾರ ತೆಗೆಯುವ ಮುಂಚೆ ಕೇಳಬೇಕಿತ್ತು. ಗಾಯ ಒಂದು ವಾರಕ್ಕೆ ಮಾಗಿತು. ಆದರೆ ಅಲ್ಲಿ ಉಳಿದ ಕಂದು ಕಲೆ ಹೋಗಲು ದಸರಾವರೆಗೂ ಬೇಕಾಯಿತು. ಅವತ್ತಿಂದ ಯಾರೇ ಕುರ್ಚಿಯಲ್ಲಿ ಕೂತರೂ ಮೊದಲು ಕೇಳುತ್ತೇನೆ: ರಾತ್ರಿ ಮುಖಕ್ಕೆ ಏನು ಹಚ್ತೀರಾ?

ರೆಟಿನಾಲ್ ಕೆಟ್ಟ ವಸ್ತು ಅಂತ ನಾನು ಹೇಳುತ್ತಿಲ್ಲ. ವಿಟಮಿನ್ ಎ ಗುಂಪಿನದು ಅದು. ಚರ್ಮದ ಒಳಗೆ ಹೋಗಿ ಎರಡು ಹಂತದಲ್ಲಿ ರೆಟಿನಾಯಿಕ್ ಆಸಿಡ್ ಆಗುತ್ತದೆ, ಕೆಲಸ ಮಾಡೋದು ಆ ಆಸಿಡ್. ಮೆಡಿಕಲ್‌ನಲ್ಲಿ ಸಿಗುವ ಟ್ರೆಟಿನಾಯಿನ್ ಅಂದರೆ ನೇರವಾಗಿ ಅದೇ ಆಸಿಡ್, ಅದಕ್ಕೇ ಅದು ಜಾಸ್ತಿ ಖಾರ. ಅಮೆರಿಕದಲ್ಲಿ ಟ್ರೆಟಿನಾಯಿನ್‌ಗೆ 1971ರಲ್ಲಿ ಒಪ್ಪಿಗೆ ಸಿಕ್ಕಿದ್ದು ಮೊಡವೆಗೆ. ಮೊಡವೆಗೆ ಅಂತ ಹಚ್ಚಿದ ನಡುವಯಸ್ಸಿನ ಹೆಂಗಸರು ನಮ್ಮ ಮುಖ ನುಣುಪಾಗಿದೆ ಅಂತ ಹೇಳಿದ ಮೇಲೆ ಡಾಕ್ಟರುಗಳು ಗೆರೆಗಳ ಕಡೆ ನೋಡಿದರು. ಗೆರೆ ಕಡಿಮೆಯಾಗೋದು ನಿಜ. ಹೊಸ ಚರ್ಮ ಬೇಗ ಬರುವಂತೆ ಮಾಡುತ್ತದೆ, ಚರ್ಮವನ್ನು ಬಿಗಿಯಾಗಿ ಹಿಡಿದಿಡುವ ಕೆಳಗಿನ ಕೊಲಾಜನ್ ಹೆಚ್ಚಿಸುತ್ತದೆ. ಹೊಸದು ಬೇಗ ಬರುವಾಗ ಹಳೇ ಪದರ ಸಡಿಲವಾಗುತ್ತದೆ ಅಲ್ವಾ? ನನ್ನ ದಾರಕ್ಕೆ ಸಿಕ್ಕಿದ್ದು ಅದೇ ಸಡಿಲ ಪದರ.

ಈಗ ಕಣ್ಣಿನ ವಿಷಯ. ರೆಪ್ಪೆಯ ಚರ್ಮ ಸುಮಾರು ಅರ್ಧ ಮಿಲಿಮೀಟರ್ ದಪ್ಪ. ಇಡೀ ಮೈಯಲ್ಲಿ ಅಷ್ಟು ತೆಳು ಚರ್ಮ ಬೇರೆ ಇಲ್ಲ. ಕೆನ್ನೆ ತಡೆದುಕೊಳ್ಳುವುದನ್ನು ಅದು ತಡೆದುಕೊಳ್ಳುವುದಿಲ್ಲ. ಇನ್ನೊಂದು ವಿಷಯ ತುಂಬಾ ಜನಕ್ಕೆ ಗೊತ್ತಿಲ್ಲ. ರೆಪ್ಪೆಯ ಅಂಚಿನಲ್ಲಿ, ಕೂದಲು ಹುಟ್ಟುವ ಸಾಲಿನ ಪಕ್ಕದಲ್ಲೇ, ಸಣ್ಣ ಸಣ್ಣ ಎಣ್ಣೆ ಗ್ರಂಥಿಗಳ ಬಾಯಿ ಇವೆ. ಆ ಎಣ್ಣೆ ಕಣ್ಣೀರಿನ ಮೇಲೆ ತೆಳ್ಳಗೆ ಹರಡಿಕೊಂಡು ಕಣ್ಣು ಒಣಗದಂತೆ ಕಾಯುತ್ತದೆ. ಇದೇ ಗುಂಪಿನ ಐಸೊಟ್ರೆಟಿನಾಯಿನ್ ಮಾತ್ರೆಯನ್ನು ಮೊಡವೆಗೆ ನುಂಗುವವರಲ್ಲಿ ಕಣ್ಣು ಒಣಗಿ ಉರಿಯೋದು ಈ ಗ್ರಂಥಿಗಳು ಸೊರಗುವುದರಿಂದಲೇ. ಅಂಥ ಜಾಗಕ್ಕೆ ನಾವಾಗಿ ರೆಟಿನಾಲ್ ಸೇರಿಸುವುದು ಯಾಕೆ?

ನಾನು ಹಚ್ಚೋದು ಕೆಳಗೆ, ಅಂಚಿಗಲ್ಲ ಅಂತ ನೀವು ಹೇಳಬಹುದು. ಕಾಡಿಗೆ ನೆನಪು ಮಾಡಿಕೊಳ್ಳಿ. ಬೆಳಗ್ಗೆ ತೆಳ್ಳಗೆ ಒಂದು ಗೆರೆ ಎಳೆದಿರುತ್ತೀರಿ. ಸಂಜೆ ಕನ್ನಡಿ ನೋಡಿದರೆ ಅರ್ಧ ಇಂಚು ಕೆಳಗೆ ಇಳಿದಿರುತ್ತದೆ. ಮೈ ಬಿಸಿ, ಬೆವರು, ಸಾವಿರಾರು ಸಲ ರೆಪ್ಪೆ ಬಡಿಯೋದು, ಎಲ್ಲ ಸೇರಿ ಅದನ್ನು ಓಡಾಡಿಸುತ್ತದೆ. ಕ್ರೀಮೂ ಹಾಗೇ. ಮಲಗಿದ ಮೇಲೆ, ಪಕ್ಕಕ್ಕೆ ಹೊರಳಿದ ಮೇಲೆ, ದಿಂಬಿಗೆ ಒತ್ತಿ ಕಣ್ಣಿನ ಕಡೆಗೇ ಸಾಗುತ್ತದೆ. ಕಣ್ಣಿನ ಹತ್ತಿರ ಹಚ್ಚಿದ ಯಾವುದೂ ಹಚ್ಚಿದ ಜಾಗದಲ್ಲಿ ಉಳಿಯುವುದಿಲ್ಲ. ಈ ಒಂದು ಮಾತು ಮನಸ್ಸಲ್ಲಿದ್ದರೆ ಮುಂದಿನ ಎಚ್ಚರಿಕೆಗಳೆಲ್ಲ ತಾವಾಗಿ ಅರ್ಥವಾಗುತ್ತವೆ.

ಈಗಲೇ ಉಂಗುರದ ಬೆರಳಿಂದ ಕಣ್ಣಿನ ಕೆಳಗೆ ಮೆಲ್ಲಗೆ ಮುಟ್ಟಿ ನೋಡಿ. ಮೆತ್ತಗಿರುವ ಜಾಗ ಮುಗಿದು ಗಟ್ಟಿ ಮೂಳೆ ಸಿಗುತ್ತದೆ. ಹಾಗೇ ಸುತ್ತ ಬನ್ನಿ, ಕಿವಿಯ ಕಡೆ, ಹುಬ್ಬಿನ ಕೆಳಗೆ. ಬಳೆಯ ಹಾಗೆ ಒಂದು ಸುತ್ತು ಇದೆ. ರೆಟಿನಾಲ್ ಆ ಮೂಳೆಯ ಮೇಲೆ ಮಾತ್ರ. ಮೆತ್ತಗಿರುವ ಕಡೆ ಇಲ್ಲ, ಮೇಲಿನ ರೆಪ್ಪೆಗೆ ಇಲ್ಲವೇ ಇಲ್ಲ, ಮೂಗಿನ ಪಕ್ಕದ ಒಳಮೂಲೆಗೂ ಇಲ್ಲ. ನಿಮ್ಮ ಗೆರೆಗಳು ಇರೋದು ಹೊರಗಡೆ ಮೂಲೆಯಲ್ಲಿ ತಾನೇ? ಅಲ್ಲಿ ಮೂಳೆ ಇದೆ, ಅಲ್ಲಿ ಹಚ್ಚಬಹುದು.

ಕಣ್ಣಿನ ಸುತ್ತಕ್ಕೇ ಅಂತ ಮಾಡಿದ, 0.1% ಅಥವಾ ಅದಕ್ಕಿಂತ ಕಡಿಮೆ ಇರುವ ಕ್ರೀಮ್ ತಗೊಳ್ಳಿ. ಯುರೋಪಿನಲ್ಲಿ 2024ರಲ್ಲಿ ನಿಯಮ ಮಾಡಿ ಮುಖಕ್ಕೆ ಹಚ್ಚುವ ಸೌಂದರ್ಯ ವಸ್ತುಗಳಲ್ಲಿ ರೆಟಿನಾಲ್ 0.3% ಮೀರಬಾರದು ಅಂದಿದ್ದಾರೆ. ನಿಮ್ಮ ಕೈಯಲ್ಲಿರುವುದು ಅದರ ಮೂರು ಪಟ್ಟಿಗಿಂತ ಜಾಸ್ತಿ.

ಹಚ್ಚುವ ರಾತ್ರಿ ಕಾಡಿಗೆ ಉಜ್ಜಿ ತೆಗೆಯಬೇಡಿ. ಹತ್ತಿಗೆ ನಾಲ್ಕು ಹನಿ ಕೊಬ್ಬರಿ ಎಣ್ಣೆ ಹಾಕಿ, ಮುಚ್ಚಿದ ಕಣ್ಣಿನ ಮೇಲೆ ಒಂದು ನಿಮಿಷ ಇಟ್ಟು ಒರೆಸಿ. ಮುಖ ತೊಳೆದು ಪೂರ್ತಿ ಒಣಗಲು ಬಿಡಿ, ಹದಿನೈದು ಇಪ್ಪತ್ತು ನಿಮಿಷ. ಒದ್ದೆ ಚರ್ಮ ಜಾಸ್ತಿ ಹೀರುತ್ತದೆ, ಜಾಸ್ತಿ ಉರಿಯುತ್ತದೆ. ಕಣ್ಣಿನ ಒಳಮೂಲೆಗೆ ಮತ್ತು ಕೆಳರೆಪ್ಪೆಯ ಮೆತ್ತನೆ ಜಾಗಕ್ಕೆ ಒಂಚೂರು ವ್ಯಾಸಲೀನ್ ಸವರಿ, ಕಣ್ಣಿನೊಳಗೆ ಹೋಗದ ಹಾಗೆ. ಅದು ಬದು ಕಟ್ಟಿದ ಹಾಗೆ, ಕ್ರೀಮು ಈಚೆ ಬರದಂತೆ ತಡೆಯುತ್ತದೆ. ಮೂಳೆಯ ಮೇಲೆ ಮೊದಲು ಮಾಯಿಶ್ಚರೈಸರ್, ಅದರ ಮೇಲೆ ರೆಟಿನಾಲ್, ಮತ್ತೆ ತೆಳ್ಳಗೆ ಮಾಯಿಶ್ಚರೈಸರ್. ಎರಡೂ ಕಣ್ಣಿಗೆ ಸೇರಿ ಒಂದು ಅಕ್ಕಿ ಕಾಳಿನಷ್ಟು ಸಾಕು. ಒಂದು ಕಣ್ಣಿಗೆ ಅಲ್ಲ, ಎರಡಕ್ಕೂ. ಉಜ್ಜಬೇಡಿ, ತಟ್ಟಿ. ಕೈ ತೊಳೆದುಕೊಳ್ಳಿ, ನಿದ್ದೆಗಣ್ಣಲ್ಲಿ ಕಣ್ಣುಜ್ಜುವ ಅಭ್ಯಾಸ ಎಲ್ಲರಿಗೂ ಇದೆ. ಹಚ್ಚಿ ಅರ್ಧ ಗಂಟೆ ಆದಮೇಲೆ ಮಲಗಿ.

ಮೊದಲ ತಿಂಗಳು ವಾರಕ್ಕೆ ಎರಡೇ ರಾತ್ರಿ. ಸೋಮವಾರ, ಗುರುವಾರ ಅಂತ ಇಟ್ಟುಕೊಂಡರೆ ಮರೆಯಲ್ಲ. ಒಂದಿಷ್ಟೂ ಉರಿ ಇಲ್ಲ ಅಂದರೆ ಮುಂದಿನ ತಿಂಗಳು ಮೂರು ರಾತ್ರಿ. ಕಣ್ಣಿನ ಹತ್ತಿರ ದಿನಾ ಹಚ್ಚಲೇಬೇಕು ಅಂತ ಇಲ್ಲ. ಹಚ್ಚುವ ರಾತ್ರಿ ಗ್ಲೈಕಾಲಿಕ್, ಸ್ಯಾಲಿಸಿಲಿಕ್ ಥರದ ಆಸಿಡ್‌ಗಳು ಬೇಡ. ಫಲ ಕಾಣಲು ಕಡಿಮೆ ಅಂದರೂ ಮೂರು ತಿಂಗಳು. ಮೊದಲ ವಾರಗಳಲ್ಲಿ ಹೊಟ್ಟು ಏಳೋದು, ಬಿಗಿದ ಹಾಗೆ ಅನಿಸೋದು ಸಾಮಾನ್ಯ. ಉರಿ, ಊತ, ಕೆಂಪು, ತುರಿಕೆ ಬಂದರೆ ನಿಲ್ಲಿಸಿ, ಬರೀ ಮಾಯಿಶ್ಚರೈಸರ್ ಹಚ್ಚಿ. ನಮ್ಮ ಬಣ್ಣದ ಚರ್ಮದಲ್ಲಿ ಉರಿ ಎದ್ದ ಜಾಗ ಆಮೇಲೆ ಕಪ್ಪಾಗುತ್ತದೆ. ಕಪ್ಪು ಹೋಗಲಿ ಅಂತ ಹಚ್ಚಿ ಕಪ್ಪು ಜಾಸ್ತಿ ಮಾಡಿಕೊಂಡು ಬಂದ ಎಷ್ಟೋ ಹುಡುಗಿಯರನ್ನು ನೋಡಿ ನನಗೆ ನಿಜವಾಗಿಯೂ ಸಂಕಟ ಆಗಿದೆ.

ಕಣ್ಣಿನೊಳಗೆ ಹೋದರೆ ಶುದ್ಧ ನೀರಲ್ಲಿ ಹತ್ತು ಹದಿನೈದು ನಿಮಿಷ ತೊಳೆಯಿರಿ, ಲೆನ್ಸ್ ಇದ್ದರೆ ತೆಗೆಯಿರಿ. ಆಮೇಲೂ ನೋವು, ಮಂಜು, ಬೆಳಕು ನೋಡಲಾಗದ ಹಾಗೆ ಇದ್ದರೆ ಅವತ್ತೇ ಕಣ್ಣಿನ ಡಾಕ್ಟರ್ ಹತ್ತಿರ ಹೋಗಿ.

ನಿಮ್ಮ ಕಪ್ಪಿನ ಬಗ್ಗೆ. ಕಿಟಕಿ ಹತ್ತಿರ ನಿಂತು ಕನ್ನಡಿ ಹಿಡಿದು ಮುಖ ಮೇಲೆತ್ತಿ. ಬೆಳಕು ನೇರ ಬಿದ್ದಾಗ ಕಪ್ಪು ಮಾಯವಾದರೆ ಅದು ಗುಳಿಯ ನೆರಳು, ಅದಕ್ಕೆ ಯಾವ ಕ್ರೀಮೂ ಏನೂ ಮಾಡಲ್ಲ. ಹಾಗೇ ಉಳಿದರೆ ಚರ್ಮದ ಬಣ್ಣ ಇರಬಹುದು, ಅಮ್ಮ ಅಜ್ಜಿಯಿಂದ ಬಂದಿರಬಹುದು, ಧೂಳಿನ ಅಲರ್ಜಿಗೆ ಉಜ್ಜಿ ಉಜ್ಜಿ ಬಂದಿರಬಹುದು. ನಮ್ಮ ಹೆಂಗಸರಲ್ಲಿ ರಕ್ತ ಕಡಿಮೆ ಇರೋದೂ ಸಾಮಾನ್ಯ, ಅದರಿಂದ ಮುಖ ಬಿಳಚಿದಾಗ ಕಪ್ಪು ಇನ್ನೂ ಎದ್ದು ಕಾಣುತ್ತದೆ. ಒಂದು ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ರೆಟಿನಾಲ್ ಗೆರೆಗೆ ಒಳ್ಳೆಯದು, ಕಪ್ಪಿಗೆ ಅಷ್ಟಕ್ಕಷ್ಟೇ.

ಗೆರೆಗೂ ಮೊದಲ ಮದ್ದು ಬಿಸಿಲು ತಡೆಯೋದು. ಪಾವಗಡದ ತಿರುಮಣಿಯಲ್ಲಿ 2,050 ಮೆಗಾವ್ಯಾಟಿನ ಸೋಲಾರ್ ಪಾರ್ಕ್ ಕಟ್ಟಿದ್ದು ಅಲ್ಲಿನ ಬಿಸಿಲು ನೋಡಿಯೇ. ಆ ಬಿಸಿಲಲ್ಲಿ ನೀವು ಕಣ್ಣು ಕಿರಿದು ಮಾಡಿಕೊಂಡು ಸ್ಕೂಟರ್ ಓಡಿಸುತ್ತೀರಿ. ಬೆಳಗ್ಗೆ ಸನ್‌ಸ್ಕ್ರೀನ್, ಕಣ್ಣಿನ ಸುತ್ತ ಜಿಂಕ್ ಆಕ್ಸೈಡ್ ಇರುವುದು ಹಚ್ಚಿದರೆ ಉರಿ ಕಡಿಮೆ. ಒಳ್ಳೆಯ ಕೂಲಿಂಗ್ ಗ್ಲಾಸ್, ಹೆಲ್ಮೆಟ್ ಗಾಜು ಇಳಿಸಿಯೇ ಹೋಗಿ. ಇಷ್ಟು ಮಾಡಲ್ಲ ಅಂದರೆ ರೆಟಿನಾಲ್ ಶುರು ಮಾಡೋದೇ ಬೇಡ.

ಬಸುರಿ ಇದ್ದರೆ, ಮಗುವಿಗೆ ಪ್ರಯತ್ನಿಸುತ್ತಿದ್ದರೆ, ಎದೆಹಾಲು ಕುಡಿಸುತ್ತಿದ್ದರೆ ಈ ಗುಂಪಿನ ಯಾವುದೂ ಬೇಡ. ಕಣ್ಣು ಒಣಗುವ ತೊಂದರೆ, ರೆಪ್ಪೆಯಲ್ಲಿ ಹೊಟ್ಟು, ಇಸುಬು ಇದ್ದವರು ಡಾಕ್ಟರನ್ನು ಕೇಳದೆ ಮುಟ್ಟಬೇಡಿ.

ಇನ್ನೊಂದನ್ನು ಹೇಳದೆ ಇರಲಾರೆ. ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಮೊಮೆಟಾಸೋನ್ ಮೂರೂ ಸೇರಿದ ಟ್ಯೂಬ್‌ಗಳಿವೆ. ಬಂಗಿನ ಕಲೆಗೆ ಡಾಕ್ಟರು ಕೆಲವು ವಾರಕ್ಕೆ ಬರೆಯುವ ಔಷಧಿ ಅದು. ಅದನ್ನೇ ಬೆಳ್ಳಗಾಗುವ ಕ್ರೀಮ್ ಅಂತ ಅಕ್ಕಪಕ್ಕದವರು ಕೊಡುತ್ತಾರೆ. ಮೊಮೆಟಾಸೋನ್ ಅಂದರೆ ಸ್ಟೀರಾಯ್ಡ್. ಕಣ್ಣಿನ ಸುತ್ತ ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ಇನ್ನೂ ತೆಳುವಾಗುತ್ತದೆ, ಕಣ್ಣಿನೊಳಗಿನ ಒತ್ತಡ ಏರಬಹುದು, ಪೊರೆ ಬರಬಹುದು. ಟ್ಯೂಬಿನ ಹಿಂದೆ ಆ ಮೂರು ಹೆಸರು ಇದೆಯಾ ಅಂತ ಓದಿ. ಇದ್ದರೆ ಕಣ್ಣಿನ ಹತ್ತಿರಕ್ಕೆ ತರಬೇಡಿ. ಆಗಲೇ ತುಂಬಾ ದಿನದಿಂದ ಹಚ್ಚುತ್ತಿದ್ದರೆ ಚರ್ಮದ ಡಾಕ್ಟರಿಗೆ ತೋರಿಸಿ, ಅವರು ಹೇಳಿದ ಹಾಗೆ ನಿಲ್ಲಿಸಿ, ಸುಮ್ನೆ ಒಮ್ಮೆಲೇ ನಿಲ್ಲಿಸಿದರೆ ಮುಖ ಕೆರಳುತ್ತದೆ.

ಇನ್ನು ಮದುವೆ. ಇವತ್ತು ಶುರು ಮಾಡಿದರೆ ಹೊಟ್ಟು ಏಳುವ ದಿನಗಳೂ ಮದುವೆ ಮನೆಯ ಓಡಾಟವೂ ಒಟ್ಟಿಗೇ ಬರುತ್ತವೆ. ಒಣಗಿದ ಚರ್ಮದ ಮೇಲೆ ಮೇಕಪ್ ಕೂರಲ್ಲ, ಗೆರೆ ಇನ್ನೂ ಎದ್ದು ಕಾಣುತ್ತದೆ. ಈ ಒಂದು ತಿಂಗಳು ಬರೀ ಮಾಯಿಶ್ಚರೈಸರ್, ಸನ್‌ಸ್ಕ್ರೀನ್, ಆದಷ್ಟು ನಿದ್ದೆ. ಥ್ರೆಡಿಂಗನ್ನು ಮದುವೆಗೆ ಮೂರು ದಿನ ಮುಂಚೆಯೇ ಮಾಡಿಸಿ, ಕೆಂಪು ಇಳಿಯಲು ಸಮಯ ಸಿಗುತ್ತದೆ. ಮದುವೆ ಮುಗಿದು ನೆಂಟರೆಲ್ಲ ಹೋದಮೇಲೆ ಚಿಕ್ಕ ಟ್ಯೂಬ್ ತಗೊಂಡು ಶುರು ಮಾಡಿ. ಆಮೇಲೆ ಪ್ರತಿ ಸಲ ಐಬ್ರೋ ಮಾಡಿಸುವ ಒಂದು ವಾರ ಮುಂಚೆ ರೆಟಿನಾಲ್ ನಿಲ್ಲಿಸಿ, ಮಾಡಿಸಿದ ಮೇಲೆ ಮೂರು ದಿನ ಬಿಟ್ಟು ಮತ್ತೆ ಹಚ್ಚಿ. ವ್ಯಾಕ್ಸಿಂಗ್ ಮುಖಕ್ಕೆ ಬೇಡವೇ ಬೇಡ. ಕುರ್ಚಿಯಲ್ಲಿ ಕೂತ ತಕ್ಷಣ, ಅವರು ಕೇಳದಿದ್ದರೂ, ನೀವೇ ಹೇಳಿ: ಅಕ್ಕ, ನಾನು ರೆಟಿನಾಲ್ ಹಚ್ಚುತ್ತೇನೆ, ನಿಲ್ಲಿಸಿ ಇಷ್ಟು ದಿನ ಆಯಿತು.