ಬಚ್ಚಲ ಹಿಂದಿನ ಒಂದೆಲಗ, ಡಬ್ಬಿಯೊಳಗಿನ ‘ಸಿಕಾ’

ಪ್ರಶ್ನೆ: ಡಾಕ್ಟ್ರೇ, ಬೆಂಗಳೂರಿನಲ್ಲಿ ಕೆಲಸ ಮಾಡುವ ಮಗಳು ಮೊನ್ನೆ ಊರಿಗೆ ಬಂದಾಗ ಕೊರಿಯಾದ ಕ್ರೀಮ್ ತಂದಿದ್ದಳು. ‘ಸಿಕಾ’ ಅಂತೆ. ಪುಟ್ಟ ಡಬ್ಬಿಗೆ 1,200 ರೂಪಾಯಿ! ಡಬ್ಬಿ ಮೇಲಿನ ಚಿತ್ರ ನೋಡಿದರೆ ನಮ್ಮ ಬಚ್ಚಲ ಹಿಂದೆ ಬೆಳೆಯುವ ಒಂದೆಲಗ. ಅವಳ ಕೆನ್ನೆ ಕೆಂಪಾಗಿ ಉರಿಯುತ್ತದೆ, ಇದು ಶಮನ ಮಾಡುತ್ತದಂತೆ. ಇದಕ್ಕೆ ನಿಜವಾಗಿ ಪುರಾವೆ ಇದೆಯಾ? ಇದ್ದರೆ ಎಲೆಯನ್ನೇ ಅರೆದು ಹಚ್ಚಿದರೆ ಸಾಲದೇ?
– ಓದುಗರೊಬ್ಬರು, ಶಿರಸಿ

ಉತ್ತರ: ಸರಿಯಾಗಿಯೇ ಗುರುತು ಹಿಡಿದಿದ್ದೀರಿ. ಅದು ಒಂದೆಲಗವೇ, ತುಳುವಿನವರ ತಿಮರೆ. ಡಬ್ಬಿಯಲ್ಲಿ ಸೆಂಟೆಲ್ಲಾ ಏಷ್ಯಾಟಿಕಾ ಎಂದಿರುತ್ತದೆ.

ಗಾಯ ಮಾಯುವುದಕ್ಕೆ ಫ್ರೆಂಚರು ‘ಸಿಕಾಟ್ರಿಜಾಸ್ಯೋಂ’ ಅನ್ನುತ್ತಾರೆ. ‘ಸಿಕಾ’ ಅನ್ನುವಾಗ ನೆನಪಾಗುವುದು ಆ ಪದವೇ. ಈ ಎಲೆಯ ಬಗ್ಗೆ ಇರುವ ಪುರಾವೆಯೂ ಹೆಚ್ಚಾಗಿ ಗಾಯದ್ದೇ. ಎಲೆಯಲ್ಲಿ ಏಷ್ಯಾಟಿಕೋಸೈಡ್, ಮೆಡೆಕಾಸೋಸೈಡ್ ಎಂಬ ಅಂಶಗಳಿವೆ. 1999ರಲ್ಲಿ ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯವರು ಗಿನಿಯಿಲಿಗಳ ಗಾಯಕ್ಕೆ 0.2% ಏಷ್ಯಾಟಿಕೋಸೈಡ್ ದ್ರಾವಣ ಹಚ್ಚಿ ನೋಡಿದರು. ಹೊಸ ಚರ್ಮದಲ್ಲಿ ಅದಕ್ಕೆ ಬಿಗಿ ಕೊಡುವ ಕೊಲಾಜೆನ್ ಎಂಬ ಪ್ರೋಟೀನ್ ಜಾಸ್ತಿಯಾಗಿತ್ತು, ಗಾಯ ಕೂಡಿದ ಜಾಗ ಗಟ್ಟಿಯಾಗಿತ್ತು. ಒಳ್ಳೆಯ ಕೆಲಸ. ಆದರೆ ಅದು ಇಲಿಯ ಗಾಯ, ನಿಮ್ಮ ಮಗಳದ್ದು ಗಾಯವಿಲ್ಲದ ಕೆನ್ನೆ.

ಮನುಷ್ಯರ ಮುಖದ ಮೇಲೂ ಪರೀಕ್ಷೆಗಳಾಗಿವೆ, ಹೆಚ್ಚಿನವು ಸಣ್ಣವು. 2008ರಲ್ಲಿ ಪ್ರಕಟವಾದ ಒಂದರಲ್ಲಿ 20 ಮಹಿಳೆಯರು ಆರು ತಿಂಗಳು ಕ್ರೀಮ್ ಹಚ್ಚಿದ್ದರು. ಬಿಸಿಲಿಗೆ ಮಾಗಿದ ಚರ್ಮದ ಸುಕ್ಕು ಕಡಿಮೆಯಾಯಿತು. ಆದರೆ ಆ ಕ್ರೀಮಿನಲ್ಲಿ 0.1% ಮೆಡೆಕಾಸೋಸೈಡ್ ಜೊತೆ 5% ವಿಟಮಿನ್ ಸಿ ಕೂಡ ಇತ್ತು. ತಂಬುಳಿ ಉಂಡು ಹೊಟ್ಟೆ ತಣ್ಣಗಾದರೆ ಅದು ಎಲೆಯಿಂದಲೋ ಮಜ್ಜಿಗೆಯಿಂದಲೋ? ಹಾಗೇ ಇದು. ಕ್ರೀಮಿನ ಗ್ಲಿಸರಿನ್, ಜಿಡ್ಡಿನ ಅಂಶಗಳೇ ಒಣಗಿದ ಚರ್ಮಕ್ಕೆ ಹಾಯೆನಿಸುತ್ತವೆ. ಎಲೆಯಿಲ್ಲದ ಅದೇ ಕ್ರೀಮ್ ಜೊತೆ ಹೋಲಿಸಿ ನೋಡದೆ, ಎಲೆಗೆ ಎಷ್ಟು ಅಂಕ ಕೊಡಬೇಕೋ ತಿಳಿಯದು. ಹೋಲಿಕೆಗೆ ಹೇಳುವುದಾದರೆ, ಓಟ್ಸ್‌ನ ನುಣ್ಣನೆ ಹಿಟ್ಟನ್ನು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2003ರಲ್ಲಿ ಚರ್ಮ ರಕ್ಷಿಸುವ ವಸ್ತುಗಳ ಪಟ್ಟಿಗೆ ಸೇರಿಸಿತು. ಅದೇ ಪಟ್ಟಿಯಲ್ಲಿ ಅಗ್ಗದ ಪೆಟ್ರೋಲಿಯಂ ಜೆಲ್ಲಿಯೂ ಇದೆ. ಒಂದೆಲಗ ಇಲ್ಲ.

ಇನ್ನು ಇಂಥ ಡಬ್ಬಿಗಳ ಮೇಲೆ ಬರೆದಿರುವ ‘70% ಸಾರ’ದಂಥ ಮಾತು. ಇದಕ್ಕೆ ಮರುಳಾಗಬೇಡಿ. ಎಲೆ ನೆನೆಸಿ ಸೋಸಿದ ನೀರನ್ನೂ ಸಾರ ಅಂತಲೇ ಬರೆಯಬಹುದು. ಅದರಲ್ಲಿ ಕೆಲಸದ ಅಂಶ ಎಷ್ಟಿದೆ ಅನ್ನುವುದು ಬೇರೆ ಲೆಕ್ಕ. ಘಟಕಗಳ ಪಟ್ಟಿಯಲ್ಲಿ ಮೆಡೆಕಾಸೋಸೈಡ್ ಎಂದು ಹೆಸರು ಹಿಡಿದು ಬರೆದು, ಪ್ರಮಾಣವನ್ನೂ ಹೇಳಿದ್ದರೆ ಸ್ವಲ್ಪ ನಂಬಬಹುದು.

ಹಾಗಾದರೆ ಎಲೆಯನ್ನೇ ಅರೆದು? ಬೇಡ. ಬೆಳೆದ ಜಾಗ, ಕಾಲ ಬದಲಾದಂತೆ ಎಲೆಯಲ್ಲಿನ ಅಂಶವೂ ಬದಲಾಗುತ್ತದೆ. ಅದಕ್ಕಿಂತ ದೊಡ್ಡ ಚಿಂತೆ ಬಚ್ಚಲ ನೀರು ಹರಿಯುವ ನೆಲದ್ದು. ಎಷ್ಟೇ ತೊಳೆದರೂ ಮಣ್ಣಿನ ಸೂಕ್ಷ್ಮಾಣು ಉಳಿದಿರುತ್ತವೆ. ಉರಿಯುವ ಚರ್ಮ ಅಂದರೆ ಬಾಗಿಲು ಅರ್ಧ ತೆರೆದ ಮನೆ, ಅವು ಸುಲಭವಾಗಿ ಒಳಗೆ ನುಗ್ಗುತ್ತವೆ.

ನಾನಾದರೆ ಮೊದಲು ಕೇಳುವುದು, ಕೆನ್ನೆ ಕೆಂಪಾಗಿದ್ದೇಕೆ ಅಂತ. ಉರಿ ಅಂತ ಬರುವ ಈ ವಯಸ್ಸಿನವರಿಗೆ ಮನೆಯಲ್ಲಿ ಹಚ್ಚುವುದನ್ನೆಲ್ಲ ಚೀಲಕ್ಕೆ ಹಾಕಿ ತನ್ನಿ ಅನ್ನುತ್ತೇನೆ. ಮೇಜಿನ ಮೇಲೆ ಸುರಿದರೆ ಚರ್ಮ ಉರಿಸಬಲ್ಲ ರೆಟಿನಾಲ್, ಗ್ಲೈಕಾಲಿಕ್ ಆಸಿಡ್, ವಿಟಮಿನ್ ಸಿ, ಸ್ಕ್ರಬ್ ಎಲ್ಲ ಉರುಳುತ್ತವೆ. ಕೊನೆಗೊಂದು ಸಿಕಾ! ಸುಡುವುದಕ್ಕೂ ಡಬ್ಬಿ, ಆರಿಸುವುದಕ್ಕೂ ಡಬ್ಬಿ. ಮಗಳ ಚೀಲದಲ್ಲೂ ಇವಿದ್ದರೆ ಎರಡು ವಾರ ಎಲ್ಲ ನಿಲ್ಲಿಸಲಿ. ಸೌಮ್ಯ ಫೇಸ್‌ವಾಶ್, ಸುವಾಸನೆಯಿಲ್ಲದ ಸಾದಾ ಮಾಯಿಶ್ಚರೈಸರ್, ಹಗಲಿಗೆ ಸನ್‌ಸ್ಕ್ರೀನ್, ಇಷ್ಟೇ ಸಾಕು. ಆಮೇಲೂ ಕೆಂಪು ಇಳಿಯದಿದ್ದರೆ ಚರ್ಮದ ಡಾಕ್ಟರಿಗೆ ತೋರಿಸಿ, ಮುಖ ಪದೇ ಪದೇ ಕೆಂಪಾಗುವ ರೊಸೇಶಿಯಾ ಎಂಬ ಚರ್ಮರೋಗ ಇರಬಹುದು.

ದುಡ್ಡು ಕೊಟ್ಟು ತಂದ ಡಬ್ಬಿಯನ್ನು ಎಸೆಯಬೇಕಿಲ್ಲ. ಕೆನ್ನೆ ತಣ್ಣಗಾದ ಮೇಲೆ ಮೊಣಕೈ ಒಳಮಡಿಕೆಗೆ ದಿನಕ್ಕೆರಡು ಸಲ, ಒಂದು ವಾರ ಹಚ್ಚಿ ನೋಡಲಿ. ಅಪರೂಪಕ್ಕಾದರೂ ಒಂದೆಲಗಕ್ಕೂ ಅಲರ್ಜಿ ಆಗುವುದುಂಟು. ಅಲ್ಲಿ ತುರಿಸದಿದ್ದರೆ ಮುಖಕ್ಕೆ ಹಚ್ಚಿಕೊಳ್ಳಲಿ, ಅಡ್ಡಿಯಿಲ್ಲ.