ಅಲೆ ದಡಕ್ಕೆ ಬರುತ್ತೆ, ನೀರು ಅಲ್ಲೇ ಇರುತ್ತೆ

ಪ್ರಶ್ನೆ: ಮೇಡಂ, ನನ್ನ ಮಗಳು ಒಂಬತ್ತನೇ ಕ್ಲಾಸು. ‘ಅಲೆಯಲ್ಲಿ ಶಕ್ತಿ ಮಾತ್ರ ಮುಂದಕ್ಕೆ ಹೋಗುತ್ತೆ, ವಸ್ತು ಹೋಗಲ್ಲ’ ಅಂತ ಬಾಯಿಪಾಠ ಮಾಡ್ತಿದ್ಲು. ಹೋದ ಭಾನುವಾರ ಜುಹು ಬೀಚಲ್ಲಿ ಒಂದು ಅಲೆ ಬಂದು ನನ್ನ ಸೀರೆ ಮಂಡಿವರೆಗೂ ಒದ್ದೆ ಆಯ್ತು. ನೀರು ಬರಲ್ಲ ಅಂದ್ರೆ ಮತ್ತೆ ಇದೇನಮ್ಮಾ ಅಂದ್ಲು. ಏನು ಹೇಳ್ಲಿ?
— ಒಬ್ಬ ತಾಯಿ, ಡೊಂಬಿವಲಿ

ಉತ್ತರ: ಮೊದಲು ಮಗಳಿಗೆ ಶಭಾಷ್ ಹೇಳಿ. ಪಾಠದಲ್ಲಿರೋದನ್ನ ಕಣ್ಣಿಗೆ ಕಂಡಿದ್ದರ ಪಕ್ಕ ಇಟ್ಟು ನೋಡಿದ್ದಾಳೆ, ನನ್ನ ಇಷ್ಟು ವರ್ಷದ ಪಾಠದಲ್ಲಿ ಈ ಪ್ರಶ್ನೆ ಕೇಳಿದ ಮಕ್ಕಳು ಬಹಳ ಕಡಿಮೆ.

ನಮ್ಮ ನೂಲು ಹುಣ್ಣಿಮೆ ದಿನವೇ ಇಲ್ಲಿನ ಕೋಳಿ ಸಮಾಜದ ಮೀನುಗಾರರು ನಾರಳಿ ಪೂರ್ಣಿಮೆ ಮಾಡಿ ಸಮುದ್ರಕ್ಕೆ ತೆಂಗಿನಕಾಯಿ ಬಿಡ್ತಾರಲ್ಲ, ಮುಂದಿನ ಸಲ ಆ ಕಾಯಿಯನ್ನೇ ನೋಡ್ತಾ ನಿಲ್ಲಿ. ಅಲೆ ಒಡೆಯೋ ಜಾಗದಿಂದ ಆಚೆ ತೇಲ್ತಿರೋ ಕಾಯಿ ಅಲೆಯ ನೆತ್ತಿ ಬಂದಾಗ ಮೇಲೆದ್ದು ಒಂಚೂರು ಮುಂದೆ ಬರುತ್ತೆ, ನೆತ್ತಿ ದಾಟಿ ತಗ್ಗು ಬಂದಾಗ ಕೆಳಗಿಳಿದು ಹಿಂದಕ್ಕೆ ಹೋಗುತ್ತೆ, ಹೆಚ್ಚುಕಮ್ಮಿ ಒಂದು ಸುತ್ತು ಹಾಕಿ ಇದ್ದಲ್ಲಿಗೇ ಬಂದಿರುತ್ತೆ. ಅಲೆ ಮಾತ್ರ ಅದರ ಕೆಳಗಿಂದ ದಾಟಿ ದಡದ ಕಡೆ ಹೋಗಿಬಿಟ್ಟಿರುತ್ತೆ. ಗಾಳಿಗೆ, ಪ್ರವಾಹಕ್ಕೆ ಕಾಯಿ ಮೆಲ್ಲಗೆ ಎಲ್ಲಿಗೋ ಸರಿದೀತು, ಆದ್ರೆ ಅಲೆಯ ಜೊತೆಗೆ ಓಡಲ್ಲ.

ಲೆಕ್ಕ ನೋಡಿದ್ರೆ ಇನ್ನೂ ಚೆಂದ. ಆಳ ಸಮುದ್ರದಲ್ಲಿ 10 ಸೆಕೆಂಡಿಗೊಂದು ಅಲೆ ಬರ್ತಿದೆ ಅಂದ್ಕೊಳ್ಳಿ. ಅಂಥ ಅಲೆಯ ಒಂದು ನೆತ್ತಿಯಿಂದ ಮುಂದಿನ ನೆತ್ತಿಗೆ ಸುಮಾರು 156 ಮೀಟರ್, ಇದೇ ತರಂಗಾಂತರ. 10 ಸೆಕೆಂಡಲ್ಲಿ ಅಷ್ಟು ದೂರ ಅಂದ್ರೆ ಗಂಟೆಗೆ ಸುಮಾರು 56 ಕಿಲೋಮೀಟರ್. ಆದರೆ ಅಲೆಯ ಎತ್ತರ ತಗ್ಗಿನಿಂದ ನೆತ್ತಿಗೆ 1 ಮೀಟರ್ ಇದ್ರೆ ಅಲ್ಲಿನ ನೀರು ಆ ಸುತ್ತು ಹಾಕೋ ವೇಗ ಗಂಟೆಗೆ 1 ಕಿಲೋಮೀಟರ್ ಚಿಲ್ಲರೆ, ಅಜ್ಜಿ ನಡೆಯೋದಕ್ಕಿಂತಲೂ ನಿಧಾನ! ಓಡ್ತಿರೋದು ಅಲುಗಾಟ, ನೀರು ತನ್ನ ಜಾಗದಲ್ಲೇ ಸುತ್ತುತ್ತಿದೆ.

ಹಾಗಾದ್ರೆ ಸೀರೆ ಒದ್ದೆ ಆಗಿದ್ದು ಹೇಗೆ? ದಡದ ಹತ್ರ ಆಳ ಕಡಿಮೆ ಆಗ್ತಿದ್ದ ಹಾಗೆ ಅಲೆ ನಿಧಾನ ಆಗುತ್ತೆ, ಹಿಂದಿನದು ಮುಂದಿನದನ್ನ ಒತ್ತಿಕೊಂಡು ಬರೋದ್ರಿಂದ ಸಾಲು ಇಕ್ಕಟ್ಟಾಗುತ್ತೆ, ಎತ್ತರ ಏರುತ್ತೆ, ಕೊನೆಗೆ ನೆತ್ತಿ ಬುಡಕ್ಕಿಂತ ಮುಂದೆ ಹೋಗಿ ಕವುಚಿ ಬೀಳುತ್ತೆ. ಅಲ್ಲಿಂದ ಮುಂದೆ ನೀರು ನಿಜವಾಗ್ಲೂ ನುಗ್ಗುತ್ತೆ. ನಿಮ್ಮ ಸೀರೆಗೆ ತಾಗಿದ್ದು ಒಡೆದುಹೋದ ಅಲೆ, ಪಾಠದ ಸಾಲು ಒಡೆಯೋಕೆ ಮುಂಚಿನ ಅಲೆಯ ಬಗ್ಗೆ. ಆ ಒಂದು ಮಾತನ್ನ ಮಕ್ಕಳಿಗೆ ಹೇಳಲೇಬೇಕು ಅಂತ ನನಗನ್ಸುತ್ತೆ, ಇಲ್ಲದಿದ್ರೆ ಕಡಲೂರಲ್ಲಿ ಇರೋ ಮಗು ಪಾಠ ಸುಳ್ಳು ಅಂದ್ಕೊಳ್ಳುತ್ತೆ.

ಪ್ರಶ್ನೆ: ಟೀಚರ್, ಅಡ್ಡ ಅಲೆ, ನೀಳ ಅಲೆ ಎರಡೂ ಡೆಫಿನಿಷನ್ ಬರೀತೀನಿ, ಮಾರ್ಕ್ಸೂ ಬರುತ್ತೆ, ಆದ್ರೆ ಶಬ್ದ ಯಾಕೆ ನೀಳ ಅಲೆಯೇ ಆಗ್ಬೇಕು ಅಂತ ಒಳಗೆ ಅರ್ಥ ಆಗಿಲ್ಲ.
— ಹನ್ನೊಂದನೇ ತರಗತಿ ವಿದ್ಯಾರ್ಥಿ, ಪುಣೆ

ಉತ್ತರ: ಮನೇಲಿ ಜಮಖಾನ ಒದರ್ತಾರಲ್ಲ, ಬಟ್ಟೆ ಮೇಲೆ ಕೆಳಗೆ ಆಡುತ್ತೆ, ಅಲೆ ಕೈಯಿಂದ ಆಚೆ ತುದಿಗೆ ಹೋಗುತ್ತೆ. ಅಲುಗಾಟ ಒಂದು ದಿಕ್ಕು, ಪಯಣ ಅದಕ್ಕೆ ಅಡ್ಡ. ಅದು ಅಡ್ಡ ಅಲೆ. ಗಣಪತಿ ವಿಸರ್ಜನೆ ದಿನ ಲಕ್ಷ್ಮಿ ರೋಡಿನ ಜನಜಂಗುಳೀಲಿ ಹಿಂದಿನವರು ತಳ್ಳಿದ್ರೆ ಆ ನೂಕು ಒಬ್ಬರಿಂದ ಒಬ್ಬರಿಗೆ ದಾಟಿ ಎಷ್ಟೋ ಮುಂದೆ ಹೋಗುತ್ತೆ, ತಳ್ಳಿದವರು ಮಾತ್ರ ಹಿಂದೇನೇ ಇರ್ತಾರೆ. ಅಲ್ಲಿ ಅಲುಗಾಟ, ಪಯಣ ಎರಡೂ ಒಂದೇ ದಿಕ್ಕು, ಅದು ನೀಳ ಅಲೆ. ಅಲ್ಲೇ ಬಾರಿಸ್ತಿರೋ ಢೋಲಿನ ಚರ್ಮ ಗಾಳಿಯನ್ನ ಇದೇ ಥರ ನೂಕುತ್ತೆ, ಎದೆಗೆ ಧಡ್ ಅಂತ ಬಡಿಯೋದು ಆ ನೂಕೇ. ಜೋರಾಗಿ ಬಾರಿಸಿದ್ರೆ ಅಲೆಯ ಪಾರ, ಅಂದ್ರೆ ಅಲುಗಾಟದ ಹರವು ದೊಡ್ಡದಾಗುತ್ತೆ. ಢೋಲಿನ ಜೊತೆ ಬಾರಿಸೋ ಚಿಕ್ಕ ವಾದ್ಯ ತಾಶಾದ ಕೀರಲು ದನಿ ಬೇರೆ ವಿಷಯ, ಅದರಲ್ಲಿ ಸೆಕೆಂಡಿಗೆ ಆಗೋ ಕಂಪನ, ಅಂದ್ರೆ ಆವರ್ತನ ಜಾಸ್ತಿ.

ಈಗ ‘ಯಾಕೆ’ಗೆ ಬರೋಣ. ಸೈಕಲ್ ಪಂಪಿನ ಬಾಯಿ ಬೆರಳಲ್ಲಿ ಮುಚ್ಚಿ ಒತ್ತಿ ನೋಡು, ಗಾಳಿ ವಾಪಸ್ ಒತ್ತುತ್ತೆ. ಅದೇ ಗಾಳೀಲಿ ಕೈ ಪಕ್ಕಕ್ಕೆ ಆಡಿಸು, ಸರಿದು ಸುಮ್ನಾಗುತ್ತೆ, ಮತ್ತೆ ತನ್ನ ಜಾಗಕ್ಕೆ ಎಳ್ಕೊಳಲ್ಲ. ಅಲೆ ಆಗ್ಬೇಕಂದ್ರೆ ಅಲುಗಿದ್ದು ವಾಪಸ್ ಬರ್ಬೇಕು, ಹಾಗಾಗಿ ಗಾಳಿಯೊಳಗೆ ಒತ್ತೋ ಅಲೆಗೆ ಮಾತ್ರ ದಾರಿ. ಗಟ್ಟಿ ವಸ್ತು ಎರಡಕ್ಕೂ ವಾಪಸ್ ಎಳೆಯುತ್ತೆ, ಅಲ್ಲಿ ಎರಡೂ ಥರ ಓಡ್ತವೆ.

ಅದು ನನಗೆ ಮೈಗೆ ಗೊತ್ತಾಗಿದ್ದು 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ, ಮಹಾರಾಷ್ಟ್ರದ ಕಿಲ್ಲಾರಿ ಭೂಕಂಪ ಆದಾಗ. ಕಲಬುರಗೀಲಿ ಅಕ್ಕನ ಮನೇಲಿದ್ದೆ. ಮೊದಲು ಪಾತ್ರೆ ಸಣ್ಣಗೆ ಗಲಗಲ ಅಂದವು, ಸ್ವಲ್ಪ ಹೊತ್ತಾದ್ಮೇಲೆ ಮಂಚ ಅತ್ತಿತ್ತ ಓಲಾಡ್ತು. ಭೂಮಿಯ ಮೇಲ್ಪದರದಲ್ಲಿ ನೀಳ ಅಲೆ ಸೆಕೆಂಡಿಗೆ ಸುಮಾರು 6 ಕಿಲೋಮೀಟರ್ ಓಡುತ್ತೆ, ಅಡ್ಡ ಅಲೆ ಸುಮಾರು 3.5, ಕಿಲ್ಲಾರಿಯಿಂದ ಕಲಬುರಗಿ ಹೆಚ್ಚುಕಮ್ಮಿ 80 ಕಿಲೋಮೀಟರ್. ಪಾತ್ರೆ ಗಲಗಲ ಅನ್ಸಿದ್ದು ನೀಳ ಅಲೆ, ಮಂಚ ಓಲಾಡಿಸಿದ್ದು ಅಡ್ಡ ಅಲೆ, ನಡುವೆ ಹತ್ತು ಸೆಕೆಂಡಿನ ಆಸುಪಾಸು ಅಂತರ, ಲೆಕ್ಕ ನೀನೇ ಹಾಕಿ ನೋಡು. ಅವತ್ತು ಸಾವಿರಾರು ಜನ ಸತ್ತರು, ಆ ಗಲಗಲ ಈಗಲೂ ಕಿವೀಲಿದೆ. ಭಾರತದ ಭೂಗರ್ಭ ಸರ್ವೇಕ್ಷಣೆಯಲ್ಲಿದ್ದ ಓಲ್ಡ್‌ಹ್ಯಾಮ್ 1897ರ ಅಸ್ಸಾಂ ಭೂಕಂಪದ ದಾಖಲೆಗಳಲ್ಲಿ ಇವೆರಡನ್ನೂ ಬೇರೆಬೇರೆಯಾಗಿ ಗುರುತಿಸಿದ್ರು. ಅಡ್ಡ ಅಲೆ ದ್ರವದೊಳಗೆ ದಾಟಲ್ಲ, ಗಾಳಿಗೆ ಹೇಳಿದ ಕಾರಣವೇ. ಭೂಮಿಯ ಹೊರ ತಿರುಳು ದ್ರವ ಅಂತ ಮುಂದೆ ಗೊತ್ತಾಗಿದ್ದೂ ಇದರಿಂದಲೇ, ಯಾರೂ ಅಲ್ಲಿವರೆಗೆ ಅಗೆದು ನೋಡಿಲ್ಲ.

ಪ್ರಶ್ನೆ: ಮಿಂಚು, ಗುಡುಗು ಎರಡೂ ಅಲೆ ಅಂತೀರಿ, ಒಟ್ಟಿಗೆ ಹುಟ್ತವೆ ಅಂತಲೂ ಅಂತೀರಿ. ಮತ್ತೆ ಒಂದು ಮೊದಲು, ಒಂದು ಆಮೇಲೆ ಯಾಕೆ?
— ದೋಣಿ ಕೆಲಸದವರು, ವಾಸ್ಕೋ

ಉತ್ತರ: ಬೆಳಕು ವಿದ್ಯುತ್ಕಾಂತೀಯ ಅಲೆ, ಅದಕ್ಕೆ ಅಲುಗೋಕೆ ಗಾಳಿ ನೀರು ಏನೂ ಬೇಡ, ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್. ನಿಮ್ಮ ರೇಡಿಯೋ ಸಿಗ್ನಲ್ಲೂ ಅದೇ ಜಾತಿ, ತರಂಗಾಂತರ ಮಾತ್ರ ಉದ್ದ, ಎಫ್‌ಎಂದು ಸುಮಾರು 3 ಮೀಟರ್. ಗುಡುಗು ಗಾಳಿಯನ್ನ ನೂಕಿಕೊಂಡೇ ಬರ್ಬೇಕು, ಸೆಕೆಂಡಿಗೆ ಸುಮಾರು 340 ಮೀಟರ್. ಅಂದ್ರೆ 3 ಸೆಕೆಂಡಿಗೆ 1 ಕಿಲೋಮೀಟರ್. ಮಿಂಚು ಕಂಡ ತಕ್ಷಣ ಎಣಿಸೋಕೆ ಶುರು ಮಾಡಿ, 30 ಎಣಿಸೋದ್ರೊಳಗೆ ಗುಡುಗಿದ್ರೆ ಸಿಡಿಲು 10 ಕಿಲೋಮೀಟರ್ ಒಳಗಿದೆ ಅಂತ ಅರ್ಥ, ಬಲೆ ಆಮೇಲೆ ನೋಡ್ಕೊಳ್ಳಬಹುದು, ದೋಣಿ ದಡಕ್ಕೆ ತಿರುಗಿಸಿ.